ಅಗ್ಗದ ಟೈರು, ತುಟ್ಟಿಯ ಕಿಲೋಮೀಟರು

ಮೋಟಾರು ಸೈಕಲ್ಲಿನ ಖರ್ಚುಗಳಲ್ಲಿ ಪೆಟ್ರೋಲು ವಾರವಾರವೂ ಕಣ್ಣಿಗೆ ಬೀಳುತ್ತದೆ, ಎಂಜಿನ್ ಆಯಿಲ್ ಕೆಲವು ತಿಂಗಳಿಗೊಮ್ಮೆ ನೆನಪಾಗುತ್ತದೆ. ಟೈರು ಮಾತ್ರ ಕೆಲವು ವರ್ಷಗಳಿಗೊಮ್ಮೆ ಒಂದೇ ಸಲಕ್ಕೆ ದೊಡ್ಡ ಮೊತ್ತ ಬೇಡುವುದರಿಂದ, ಅದನ್ನು ಆದಷ್ಟು ಮುಂದೂಡುವುದೂ, ಇನ್ನು ಆಗದು ಎಂದಾಗ ಅಂಗಡಿಯಲ್ಲಿ ಕಂಡ ಅತಿ ಕಡಿಮೆ ಬೆಲೆಯದನ್ನು ಹಾಕಿಸಿಕೊಳ್ಳುವುದೂ ಸಾಮಾನ್ಯ ಸವಾರರ ರೂಢಿ. ಈ ರೂಢಿಯಲ್ಲಿ ಉಳಿತಾಯಕ್ಕಿಂತ ನಷ್ಟವೇ ಹೆಚ್ಚು. ಟೈರಿನ ನಿಜವಾದ ಬೆಲೆಯನ್ನು ಅಂಗಡಿಯ ಚೀಟಿಯಿಂದಲ್ಲದೆ, ಅದು ಓಡುವ ಪ್ರತಿ ಕಿಲೋಮೀಟರಿಗೆ ಬೀಳುವ ಖರ್ಚಿನಿಂದ ಅಳೆಯಬೇಕು. 2,000 ರೂಪಾಯಿಯ ಟೈರು 20,000 ಕಿ.ಮೀ. ಬಾಳಿತೆಂದು ಇಟ್ಟುಕೊಂಡರೆ ಕಿಲೋಮೀಟರಿಗೆ 10 ಪೈಸೆ ಬೀಳುತ್ತದೆ. 1,400 ರೂಪಾಯಿಯದು 12,000 ಕಿ.ಮೀ.ಗೇ ಬೋಳಾದರೆ ಸುಮಾರು ಹನ್ನೊಂದೂಮುಕ್ಕಾಲು ಪೈಸೆ ಬೀಳುತ್ತದೆ, ಜೊತೆಗೆ ಟೈರು ಬಿಚ್ಚಿ ಹಾಕಿಸುವ ಕೂಲಿಯನ್ನೂ ಬೇಗನೆ ಮತ್ತೊಮ್ಮೆ ತೆರಬೇಕಾಗುತ್ತದೆ.

ಆಂಧ್ರಪ್ರದೇಶದ ವಿಶಾಖಪಟ್ಟಣ ಮತ್ತು ವಿಜಯವಾಡ ಈ ಲೆಕ್ಕವನ್ನು ಪರೀಕ್ಷಿಸಿ ನೋಡಲು ಒಳ್ಳೆಯ ಊರುಗಳು. ಚೆನ್ನೈ–ಕೋಲ್ಕತ್ತ ನಡುವಿನ 16ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆ ಸುಮಾರು 350 ಕಿ.ಮೀ. ಅಂತರದಲ್ಲಿರುವ ಈ ಎರಡು ನಗರಗಳು ಟೈರನ್ನು ಸವೆಸುವ ಬಗೆ ಒಂದೇ ಅಲ್ಲ. ವಿಜಯವಾಡ ಕೃಷ್ಣಾ ತೀರದಲ್ಲಿ ಬಂಡೆಗುಡ್ಡಗಳ ನಡುವೆ ಇದ್ದು, ಮೇ ತಿಂಗಳಲ್ಲಿ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ಮುಟ್ಟುವ ದಿನಗಳು ಅಲ್ಲಿ ಅಪರೂಪವಲ್ಲ. ಕಪ್ಪು ಡಾಂಬರು ಗಾಳಿಗಿಂತಲೂ ಬಹಳ ಹೆಚ್ಚು ಕಾಯುತ್ತದೆ. ವಿಶಾಖಪಟ್ಟಣದಲ್ಲಿ ಬಿಸಿಲು ಅಷ್ಟು ಉಗ್ರವಲ್ಲ, ಆದರೆ ಸಮುದ್ರದ ಉಪ್ಪುಗಾಳಿಯಿದೆ, ಸಿಂಹಾಚಲ ಮತ್ತು ಕೈಲಾಸಗಿರಿಯ ಏರುರಸ್ತೆಗಳಿವೆ, ಅರಕು ಕಡೆಗೆ ಹೊರಟರೆ ಅನಂತಗಿರಿಯ ಘಾಟಿಯಿದೆ, ಅಕ್ಟೋಬರ್–ನವೆಂಬರಿನಲ್ಲಿ ಚಂಡಮಾರುತದ ಮಳೆಯೂ ಇದೆ. ನೇರವಾದ ಹೆದ್ದಾರಿಯಲ್ಲೇ ಹೆಚ್ಚು ಓಡುವ ಬೈಕಿನ ಹಿಂದಿನ ಟೈರು ನಡುಭಾಗದಲ್ಲಿ ಮಾತ್ರ ಸವೆದು, ದುಂಡಗಿರಬೇಕಾದ ಮೈ ಚಪ್ಪಟೆಯಾಗುತ್ತದೆ. ಅಂಥ ಟೈರಿನಲ್ಲಿ ಹೆದ್ದಾರಿಯ ಮೇಲೆ ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಅದೇ ಬೈಕನ್ನು ಘಾಟಿಯ ತಿರುವಿನಲ್ಲಿ ವಾಲಿಸಿದಾಗ ಚಪ್ಪಟೆ ಭಾಗದಿಂದ ಅಂಚಿನ ಕಡೆಗೆ ಹೊರಳುವ ಕ್ಷಣದಲ್ಲಿ ಬೈಕು ತಟ್ಟನೆ ಒಂದು ಬದಿಗೆ ಬಿದ್ದಂತಾಗುತ್ತದೆ.

ಟೈರಿನ ಒಳರಚನೆ ಸ್ವಲ್ಪ ತಿಳಿದಿದ್ದರೆ ಉಳಿದ ವಿಷಯಗಳು ಸುಲಭವಾಗುತ್ತವೆ. ನೈಸರ್ಗಿಕ ರಬ್ಬರು ಬಿಸಿಯಲ್ಲಿ ಅಂಟಾಗಿ, ಚಳಿಯಲ್ಲಿ ಬಿರುಸಾಗುವ ವಸ್ತು; ಗಂಧಕ ಬೆರೆಸಿ ಕಾಯಿಸಿದರೆ ಅದು ಸ್ಥಿರವಾಗುತ್ತದೆಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದೇ ಇಂದಿನ ಟೈರಿನ ಬುನಾದಿ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದನು. ರಬ್ಬರಿಗೆ ಬೆರೆಸುವ ಇಂಗಾಲದ ಕಪ್ಪುಪುಡಿ ಟೈರಿಗೆ ಬಣ್ಣ ಕೊಡುವುದಷ್ಟೇ ಅಲ್ಲ, ಸವೆತವನ್ನು ತಡೆಯುತ್ತದೆ, ಬಿಸಿಲಿನ ನೇರಳಾತೀತ ಕಿರಣಗಳಿಂದಲೂ ಕಾಪಾಡುತ್ತದೆ. ರಬ್ಬರಿನ ಒಳಗೆ ನೈಲಾನ್ ನೂಲಿನ ಪದರಗಳಿರುತ್ತವೆ. ಇವುಗಳನ್ನು ಒಂದರ ಮೇಲೊಂದು ಓರೆಯಾಗಿ ಹಾಸಿದ್ದರೆ ಅದು ಬಯಾಸ್ ಟೈರು, ಅಂಚಿನಿಂದ ಅಂಚಿಗೆ ನೇರವಾಗಿ ಹಾಸಿದ್ದರೆ ರೇಡಿಯಲ್ ಟೈರು. ನಮ್ಮ ಸಾಮಾನ್ಯ ಬೈಕು, ಸ್ಕೂಟರುಗಳಲ್ಲಿ ಇರುವುದು ಬಯಾಸ್ ಟೈರುಗಳೇ, ಅವಕ್ಕೆ ಅವು ಸಾಕು ಕೂಡ. ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿಯ ಬಳೆಯೊಂದು ಅಡಗಿದ್ದು, ರಿಮ್ಮಿನ ಮೇಲೆ ಬಿಗಿಯಾಗಿ ಕೂರುವ ಆ ಅಂಚಿಗೆ ಬೀಡ್ ಎಂದು ಹೆಸರು. ಟೈರು ಹಾಕುವ ಕೆಲಸವೆಲ್ಲ ಈ ಬೀಡನ್ನು ರಿಮ್ಮಿನಿಂದ ಎಬ್ಬಿಸಿ ಮತ್ತೆ ಕೂರಿಸುವ ಕೆಲಸವೇ.

ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಹೇಗೋ ವಿಜಯವಾಡದವರಿಗೆ ಆಟೋನಗರ ಹಾಗೆ. ಪೂರ್ಣ ಹೆಸರು ಜವಾಹರ್ ಆಟೋನಗರ. ಲಾರಿಗಳ ಬಾಡಿ ಕಟ್ಟುವ ಕೆಲಸಕ್ಕೆ ಹೆಸರಾದ ಈ ಪ್ರದೇಶದಲ್ಲಿ ಟೈರು, ಬಿಡಿಭಾಗ, ಲೇತು, ವೆಲ್ಡಿಂಗು ಎಲ್ಲವೂ ಒತ್ತೊತ್ತಾಗಿವೆ. ವಿಶಾಖಪಟ್ಟಣದ ಗಾಜುವಾಕದಲ್ಲಿಯೂ ಒಂದು ಆಟೋನಗರವಿದೆ. ಇಂಥ ಕಡೆ ಅಂಗಡಿಯಿಂದ ಅಂಗಡಿಗೆ ಬೆಲೆ ಕೇಳುತ್ತ ಹೋಗುವುದು ಫಲಕಾರಿ. ಏಕೆಂದರೆ ಟೈರಿನ ಮೇಲೆ ಅಚ್ಚಾಗುವ ಗರಿಷ್ಠ ಬೆಲೆಗೂ ನಿಜವಾಗಿ ಕೊಡುವ ಬೆಲೆಗೂ ನಡುವೆ ಚೌಕಾಸಿಗೆ ಜಾಗವಿರುತ್ತದೆ. ಆದರೆ ಲಾರಿಗಳ ಊರಿನಲ್ಲಿ ಒಂದು ಪ್ರಲೋಭನೆಯೂ ಇದೆ. ಸವೆದ ಟೈರಿನ ಮೇಲೆ ಹೊಸ ರಬ್ಬರಿನ ಪಟ್ಟಿ ಕೂರಿಸುವ ರಿಟ್ರೆಡ್ಡಿಂಗ್ ಲಾರಿಗಳಿಗೆ ಒಪ್ಪುವ, ಶಾಸ್ತ್ರೀಯವಾದ ಉಳಿತಾಯದ ಕ್ರಮ. ಲಾರಿಗೆ ಹಲವು ಚಕ್ರಗಳಿವೆ, ಅದು ತಿರುವಿನಲ್ಲಿ ವಾಲುವುದಿಲ್ಲ. ಎರಡೇ ಚಕ್ರದ ಮೇಲೆ ವಾಲಿಕೊಂಡು ಸಾಗುವ ವಾಹನದಲ್ಲಿ ಅಂಟಿಸಿದ ಪಟ್ಟಿ ಬಿಟ್ಟುಕೊಂಡರೆ ಸವಾರನಿಗೆ ಎರಡನೆಯ ಅವಕಾಶವಿಲ್ಲ. ಬೋಳು ಟೈರಿನಲ್ಲಿ ಬಿಸಿ ಕಬ್ಬಿಣದಿಂದ ಹೊಸದಾಗಿ ಗೆರೆ ಕೊರೆಸಿದ್ದನ್ನಂತೂ ಮುಟ್ಟಲೇಬಾರದು. ಉಳಿದಿದ್ದ ತೆಳು ರಬ್ಬರನ್ನೂ ಕೊರೆದು ನೂಲಿನ ಪದರದ ತನಕ ಹೋದ ಟೈರದು.

ಹತ್ತಿರದಲ್ಲಿ ಕಾರ್ಖಾನೆ ಇದ್ದರೆ ಟೈರು ಅಗ್ಗವಾಗಬಹುದೆಂಬ ನಂಬಿಕೆಯೂ ಉಂಟು. ವಿಶಾಖಪಟ್ಟಣದ ಪಕ್ಕದ ಅಚ್ಯುತಾಪುರದಲ್ಲಿ ಯೊಕೊಹಾಮಾ ಸಮೂಹದ ದೊಡ್ಡ ಕಾರ್ಖಾನೆ 2022ರ ಆಗಸ್ಟಿನಲ್ಲಿ ಉದ್ಘಾಟನೆಯಾಯಿತು. ಆದರೆ ಅಲ್ಲಿ ತಯಾರಾಗುವುದು ಕೃಷಿ, ಗಣಿ, ನಿರ್ಮಾಣ ಯಂತ್ರಗಳ ಟೈರು. ಬೈಕಿನ ಟೈರುಗಳು ಎಂಆರ್‌ಎಫ್, ಸಿಯೆಟ್, ಟಿವಿಎಸ್ ಯೂರೋಗ್ರಿಪ್, ಅಪೋಲೋ ಮೊದಲಾದ ಕಂಪನಿಗಳ ದೇಶವ್ಯಾಪಿ ಜಾಲದಿಂದ ಬರುವುದರಿಂದ ಊರಿನಿಂದ ಊರಿಗೆ ಬೆಲೆಯ ಅಂತರ ಅಲ್ಪ. ಬೆಲೆ ನಿಜಕ್ಕೂ ಇಳಿದದ್ದು ತೆರಿಗೆಯಿಂದ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಅದಕ್ಕೆ ಮುಂಚೆ ತೆರಿಗೆ ಸೇರಿ 2,000 ರೂಪಾಯಿ ಇದ್ದ ಟೈರು, ಮೂಲ ಬೆಲೆ ಬದಲಾಗದಿದ್ದರೆ, ಈಗ ಸುಮಾರು 1,844 ರೂಪಾಯಿಗೆ ಬರಬೇಕು. ಹಳೆಯ ದರ ಅಚ್ಚಾದ ದಾಸ್ತಾನನ್ನು ತೋರಿಸಿದಾಗ ಈ ಲೆಕ್ಕವನ್ನು ಬಾಯಲ್ಲೇ ಹೇಳಬಲ್ಲ ಗಿರಾಕಿಯೊಡನೆ ಅಂಗಡಿಯವನು ಹೆಚ್ಚು ವಾದಿಸುವುದಿಲ್ಲ.

ಚೌಕಾಸಿಗಿಂತ ಮುಖ್ಯವಾದದ್ದು ಟೈರಿನ ಪಕ್ಕದ ಗೋಡೆಯ ಬರಹವನ್ನು ಓದುವುದು. ಪಲ್ಸರ್ 150ರಂಥ ಬೈಕಿನ ಹಿಂದಿನ ಟೈರಿನ ಮೇಲೆ 100/90-17 55ಪಿ ಎಂದು ಇದ್ದರೆ, ಮೊದಲ ಅಂಕಿ ಟೈರಿನ ಅಗಲ 100 ಮಿ.ಮೀ. ಎಂದೂ, ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 90 ಎಂದೂ, ಮೂರನೆಯದು ರಿಮ್ಮಿನ ವ್ಯಾಸ 17 ಇಂಚು ಎಂದೂ ತಿಳಿಸುತ್ತದೆ. 55 ಎಂಬುದು ಭಾರದ ಸೂಚ್ಯಂಕ. ಕೋಷ್ಟಕದ ಪ್ರಕಾರ ಅದಕ್ಕೆ 218 ಕಿಲೋ ಹೊರುವ ಸಾಮರ್ಥ್ಯ ಎಂದರ್ಥ. ಪಿ ಅಕ್ಷರ ಗಂಟೆಗೆ 150 ಕಿ.ಮೀ. ವೇಗದ ಮಿತಿಯನ್ನು ಹೇಳುತ್ತದೆ. ಜೆ ಎಂದಿದ್ದರೆ 100, ಎಲ್ ಎಂದಿದ್ದರೆ 120. ಮನೆಯವರೊಂದಿಗೆ ಸಾಮಾನು ಹೇರಿಕೊಂಡು ಓಡಾಡುವ ಸಂಸಾರಸ್ಥನಿಗೆ ವೇಗದ ಅಕ್ಷರಕ್ಕಿಂತ ಭಾರದ ಅಂಕಿಯೇ ಮುಖ್ಯ, ಆದರೆ ಅದನ್ನು ನೋಡುವವರು ವಿರಳ. ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಸೂಚ್ಯಂಕದ ಟೈರನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಒಪ್ಪಬಾರದು. ಅಳತೆಯನ್ನೂ ಅಂದಾಜಿನಲ್ಲಿ ಹೇಳಬಾರದು. ಆಕ್ಟಿವಾ 6ಜಿ ಸ್ಕೂಟರಿನಲ್ಲಿ ಮುಂದಿನದು 90/90-12, ಹಿಂದಿನದು 90/100-10 ಇದ್ದು, ಹಳೆಯ ಆಕ್ಟಿವಾದಂತೆ ಎರಡೂ ಒಂದೇ ಎಂದುಕೊಂಡು ಕೊಂಡವರು ಮತ್ತೆ ಅಂಗಡಿಗೆ ಅಲೆಯಬೇಕಾಗುತ್ತದೆ.

ನೋಟಕ್ಕಾಗಿ ದಪ್ಪ ಟೈರು ಹಾಕಿಸುವ ಯುವಕರು ಎರಡೂ ನಗರಗಳಲ್ಲಿ ಧಾರಾಳವಾಗಿ ಸಿಗುತ್ತಾರೆ. 100/90-17 ಇರುವ ಕಡೆ 120/80-17 ಹಾಕಿದರೆ ಟೈರಿನ ಹೊರವ್ಯಾಸ 12 ಮಿ.ಮೀ. ಹೆಚ್ಚುತ್ತದೆ, ಚೈನಿಗೋ ಮಡ್‌ಗಾರ್ಡಿಗೋ ಉಜ್ಜುವ ಸಾಧ್ಯತೆಯುಂಟು, ತೂಕ ಹೆಚ್ಚಿ ಮೈಲೇಜು ಇಳಿಯುತ್ತದೆ, ಕಿರಿದಾದ ರಿಮ್ಮಿನ ಮೇಲೆ ಅಗಲದ ಟೈರು ಕೂತಾಗ ಅದರ ಮೈ ಅತಿಯಾಗಿ ದುಂಡಗಾಗಿ ನೆಲಕ್ಕೆ ತಾಗುವ ಭಾಗ ಹೆಚ್ಚುವ ಬದಲು ಬದಲಾಗದೆಯೇ ಉಳಿಯಬಹುದು. ಹೆಚ್ಚು ಹಣ ಕೊಟ್ಟು ಕಡಿಮೆ ಪಡೆಯುವ ಈ ವ್ಯಾಪಾರವನ್ನು ಮಿತವ್ಯಯದ ಲೇಖನದಲ್ಲಿ ಇದಕ್ಕಿಂತ ಹೆಚ್ಚು ಚರ್ಚಿಸಬೇಕಾಗಿಲ್ಲ.

ಪಕ್ಕದ ಗೋಡೆಯಲ್ಲಿಯೇ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2325 ಎಂದಿದ್ದರೆ ಅದು 2025ರ 23ನೇ ವಾರದಲ್ಲಿ, ಅಂದರೆ ಜೂನ್ ಆರಂಭದಲ್ಲಿ ತಯಾರಾದ ಟೈರು. ರಬ್ಬರು ಓಡದೆ ಇದ್ದರೂ ಹಳತಾಗುತ್ತದೆ. ಶಾಖ, ಬಿಸಿಲು ಮತ್ತು ಗಾಳಿಯಲ್ಲಿನ ಓಝೋನ್ ಅದನ್ನು ಬಿರುಸಾಗಿಸಿ ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ಮೂಡಿಸುತ್ತವೆ. ವಿಜಯವಾಡದ ಬೇಸಿಗೆಯಲ್ಲಿ ಅಂಗಡಿಯ ಹೊರಗೆ ಬಿಸಿಲಿಗೆ ನೇತುಹಾಕಿದ ಟೈರು ಉಗ್ರಾಣದ ನೆರಳಿನಲ್ಲಿದ್ದ ಅದೇ ವಯಸ್ಸಿನ ಟೈರಿಗಿಂತ ಹೆಚ್ಚು ಮುದಿಯಾಗಿರುತ್ತದೆ. ಒಂದು ವರ್ಷದೊಳಗಿನದನ್ನು ಯಾವ ಅನುಮಾನವೂ ಇಲ್ಲದೆ ಕೊಳ್ಳಬಹುದು. ಎರಡು ವರ್ಷ ಮೀರಿದ್ದಕ್ಕೆ ರಿಯಾಯಿತಿ ದೊಡ್ಡದಾಗಿದ್ದು, ಸವಾರ ವರ್ಷಕ್ಕೆ ಹೆಚ್ಚು ದೂರ ಓಡಿಸುವವನಾಗಿದ್ದರೆ ಮಾತ್ರ ಕೈ ಹಾಕಬೇಕು. ಟೈರು ಬೇಗ ಸವೆಯುವವನಿಗೆ ಅದರ ವಯಸ್ಸು ಅಷ್ಟು ಕಾಡುವುದಿಲ್ಲ. ಭಾನುವಾರ ಮಾತ್ರ ಬೈಕು ಹೊರತೆಗೆಯುವ ನಿವೃತ್ತರಿಗೆ ಗೆರೆ ಸವೆಯುವ ಮೊದಲೇ ರಬ್ಬರು ಸಾಯುತ್ತದೆ, ಆದ್ದರಿಂದ ಅವರು ಹೊಚ್ಚ ಹೊಸದನ್ನೇ ಕೇಳಬೇಕು. ಐದು ವರ್ಷ ದಾಟಿದ ಟೈರನ್ನು ಪ್ರತಿವರ್ಷ ಪರೀಕ್ಷಿಸಬೇಕೆಂಬುದು ತಯಾರಕರ ಸಾಮಾನ್ಯ ಸಲಹೆ. ಐಎಸ್‌ಐ ಗುರುತು ಭಾರತದಲ್ಲಿ ಮಾರುವ ಟೈರಿಗೆ ಕಡ್ಡಾಯವಾದದ್ದು, ಅದಿಲ್ಲದ್ದನ್ನು ಕೊಳ್ಳುವಂತಿಲ್ಲ. ಬಿಲ್ಲಿನ ಮೇಲೆ ಟೈರಿನ ಕ್ರಮಸಂಖ್ಯೆ ಬರೆಸಿಕೊಂಡರೆ ತಯಾರಿಕೆಯ ದೋಷ ಕಂಡಾಗ ಕಂಪನಿಯ ಬಳಿ ಹೋಗಬಹುದು, ಆಗ ಸವೆದ ಪ್ರಮಾಣವನ್ನು ಕಳೆದು ಪರಿಹಾರ ಲೆಕ್ಕ ಹಾಕುತ್ತಾರೆ. ಬಿಲ್ಲಿಲ್ಲದ ಅಗ್ಗದ ಮಾಲಿಗೆ ಈ ಹಕ್ಕಿಲ್ಲ.

ಯಾವಾಗ ಬದಲಿಸಬೇಕು ಎಂಬುದಕ್ಕೆ ಉತ್ತರ ಟೈರಿನಲ್ಲಿಯೇ ಇದೆ. ಅಂಚಿನಲ್ಲಿ ಟಿಡಬ್ಲ್ಯುಐ ಎಂಬ ಅಕ್ಷರಗಳೋ ಸಣ್ಣ ತ್ರಿಕೋನವೋ ಇರುವ ಕಡೆ ಗೆರೆಯ ತಳದಲ್ಲಿ ಒಂದು ಸಣ್ಣ ಉಬ್ಬು ಕಾಣುತ್ತದೆ; ದ್ವಿಚಕ್ರ ವಾಹನಗಳಲ್ಲಿ ಅದರ ಎತ್ತರ ಸಾಮಾನ್ಯವಾಗಿ 0.8 ಮಿ.ಮೀ. ಮೇಲಿನ ರಬ್ಬರು ಸವೆದು ಆ ಉಬ್ಬಿಗೆ ಸಮವಾದರೆ ಟೈರಿನ ಆಯುಸ್ಸು ಮುಗಿಯಿತೆಂದೇ ಅರ್ಥ. ಒಣ ರಸ್ತೆಯಲ್ಲಿ ಬೋಳು ಟೈರು ಹಿಡಿದುಕೊಂಡಂತೆಯೇ ಇರುತ್ತದೆ, ಆ ಭರವಸೆಯೇ ಅಪಾಯ. ಗೆರೆಗಳ ಕೆಲಸ ಒದ್ದೆ ರಸ್ತೆಯಲ್ಲಿ ನೀರನ್ನು ಹೊರದಬ್ಬುವುದು. ಆದ್ದರಿಂದ ವಿಶಾಖಪಟ್ಟಣದ ಸವಾರ ಟೈರಿನ ಕೊನೆಯ ತಿಂಗಳುಗಳನ್ನು ಬೇಸಿಗೆಯಲ್ಲಿ ಮುಗಿಸಿ ಮಳೆಗೆ ಮೊದಲೇ ಹೊಸದನ್ನು ಹಾಕಿಸುವುದು ಜಾಣತನ. ಹಿಂದಿನ ಚಕ್ರ ಎಂಜಿನ್ನಿನ ಬಲವನ್ನೂ ಹೆಚ್ಚಿನ ಭಾರವನ್ನೂ ಹೊರುವುದರಿಂದ ಅದೇ ಬೇಗ ಸವೆಯುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಆದರೆ ಉಳಿತಾಯವೆಂದು ಸವೆದ ಹಿಂದಿನ ಟೈರನ್ನು ಮುಂದಕ್ಕೆ ಹಾಕುವುದು ಬುದ್ಧಿವಂತಿಕೆಯಲ್ಲ. ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಸರಿಯುವುದರಿಂದ ನಿಲ್ಲುವ ಕೆಲಸದ ಹೆಚ್ಚು ಪಾಲು ಮುಂದಿನ ಟೈರಿನದು.

ಇನ್ನು ಹಾಕುವ ಕೆಲಸ. ಟ್ಯೂಬಿರುವ ಟೈರು ಮತ್ತು ಟ್ಯೂಬ್‌ಲೆಸ್ ಟೈರು ಇಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಕಡ್ಡಿಗಳಿರುವ ಸ್ಪೋಕ್ ಚಕ್ರದ ರಿಮ್ಮಿನಲ್ಲಿ ಕಡ್ಡಿಗೊಂದರಂತೆ ತೂತುಗಳಿರುವುದರಿಂದ ಸಾಮಾನ್ಯವಾಗಿ ಅದಕ್ಕೆ ಟ್ಯೂಬು ಬೇಕೇ ಬೇಕು. ಅಲಾಯ್ ಚಕ್ರದಲ್ಲಿ ಬೀಡೇ ಗಾಳಿಯನ್ನು ತಡೆದು ನಿಲ್ಲಿಸುತ್ತದೆ. ಟ್ಯೂಬಿನ ಟೈರನ್ನು ಮನೆಯಂಗಳದಲ್ಲಿ ಮೂರು ಟೈರ್ ಲಿವರ್, ಸೋಪಿನ ನೀರು ಮತ್ತು ತಾಳ್ಮೆಯಿಂದ ಬದಲಿಸಬಹುದು. ಟ್ಯೂಬ್‌ಲೆಸ್ ಟೈರಿನ ಬೀಡನ್ನು ರಿಮ್ಮಿಗೆ ಕೂರಿಸಲು ಒಮ್ಮೆಲೇ ಹೆಚ್ಚು ಗಾಳಿ ನುಗ್ಗಬೇಕಾದ್ದರಿಂದ ಕಾಲುಪಂಪಿನಲ್ಲಿ ಅದು ಆಗುವುದು ಕಷ್ಟ, ಲಿವರ್ ಜಾರಿ ಅಲಾಯ್ ರಿಮ್ಮಿನ ಅಂಚು ಕೆತ್ತಿಹೋದರೆ ಆಮೇಲೆ ಗಾಳಿ ನಿಲ್ಲುವುದೂ ಇಲ್ಲ. ಟ್ಯೂಬ್‌ಲೆಸ್ ಇರುವವರು ಚಕ್ರವನ್ನು ಮಾತ್ರ ಮನೆಯಲ್ಲಿ ತಾವೇ ಬಿಚ್ಚಿ ಅಂಗಡಿಗೆ ಒಯ್ದು ಯಂತ್ರದಲ್ಲಿ ಟೈರು ಬದಲಿಸಿ ತರುವುದು ಹಣವನ್ನೂ ರಿಮ್ಮನ್ನೂ ಉಳಿಸುವ ನಡುದಾರಿ. ಪಂಕ್ಚರ್ ಅಂಗಡಿಯ ಕೂಲಿ ನಮ್ಮ ಊರುಗಳಲ್ಲಿ ಅಷ್ಟೇನೂ ದೊಡ್ಡದಲ್ಲ. ಸ್ವಂತ ಕೈಯಿಂದ ಮಾಡುವುದರ ನಿಜವಾದ ಲಾಭ ಹಣವಲ್ಲ, ಅವಸರದ ಅಂಗಡಿಯಲ್ಲಿ ಯಾರೂ ನೋಡದ ಭಾಗಗಳನ್ನು ನೋಡಲು ಸಿಗುವ ಬಿಡುವು.

ಚಕ್ರ ಬಿಚ್ಚುವ ಮುನ್ನ ಬೈಕನ್ನು ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರವಾದರೆ ಚೈನಿನ ಬಿಗಿತ ಹೊಂದಿಸುವ ಗುರುತುಗಳು ಎರಡೂ ಬದಿಯಲ್ಲಿ ಎಲ್ಲಿವೆ ಎಂಬುದನ್ನೂ, ಆಕ್ಸೆಲ್ ಹೊರಬಂದಾಗ ಬುಷ್‌ಗಳು ಯಾವ ಬದಿಯಿಂದ ಬಂದವೆಂಬುದನ್ನೂ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಹೊರಗಿರುವಾಗ ಬ್ರೇಕ್ ಒತ್ತಬಾರದು. ಒತ್ತಿದರೆ ಪ್ಯಾಡುಗಳು ಹತ್ತಿರ ಸರಿದು ಡಿಸ್ಕ್ ಮತ್ತೆ ಒಳಹೋಗುವುದಿಲ್ಲ. ಮೊದಲು ವಾಲ್ವಿನ ಒಳಪಿನ್ನನ್ನೇ ಬಿಚ್ಚಿ ಗಾಳಿಯನ್ನು ಪೂರ್ತಿ ಖಾಲಿ ಮಾಡಿ, ಬೀಡನ್ನು ಹಿಮ್ಮಡಿಯಿಂದ ತುಳಿದು ರಿಮ್ಮಿನಿಂದ ಬಿಡಿಸಬೇಕು. ಇಲ್ಲಿ ಎಲ್ಲವನ್ನೂ ಸುಲಭಗೊಳಿಸುವ ಒಂದು ಗುಟ್ಟಿದೆ: ರಿಮ್ಮಿನ ನಡುವೆ ಆಳವಾದ ಕಾಲುವೆಯಿರುತ್ತದೆ, ಲಿವರ್ ಹಾಕಿದ ಎದುರು ಬದಿಯ ಬೀಡನ್ನು ಆ ಕಾಲುವೆಗೆ ಒತ್ತಿಹಿಡಿದರೆ ಈಚೆ ಬದಿ ಸಡಿಲವಾಗಿ ರಿಮ್ಮನ್ನು ದಾಟಿ ಬರುತ್ತದೆ. ಬಲ ಹೆಚ್ಚು ಬೇಕೆನ್ನಿಸಿದರೆ ಎದುರು ಬದಿ ಕಾಲುವೆಯಿಂದ ಮೇಲೆದ್ದಿದೆ ಎಂದೇ ತಿಳಿಯಬೇಕು.

ಹಳೆಯ ಟೈರು ಹೊರಬಂದ ಮೇಲಿನ ಅರ್ಧ ಗಂಟೆಯನ್ನು ಈ ಎರಡು ನಗರಗಳಲ್ಲಿ ವ್ಯರ್ಥವೆನ್ನಲಾಗದು. ವಿಶಾಖಪಟ್ಟಣದ ಉಪ್ಪುಗಾಳಿ ಉಕ್ಕಿನ ರಿಮ್ಮಿನ ಒಳಮೈಗೆ ತುಕ್ಕು ಹಿಡಿಸುತ್ತದೆ. ಆಕ್ಟಿವಾದಂಥ ಸ್ಕೂಟರುಗಳಲ್ಲಿ ಉಕ್ಕಿನ ರಿಮ್ಮಿಗೇ ಟ್ಯೂಬ್‌ಲೆಸ್ ಟೈರು ಇರುವುದರಿಂದ, ಬೀಡ್ ಕೂರುವ ಕಡೆ ತುಕ್ಕಿನ ಪದರ ಎದ್ದರೆ ಮೊಳೆ ಚುಚ್ಚದಿದ್ದರೂ ಗಾಳಿ ದಿನದಿನವೂ ಇಳಿಯುತ್ತದೆ, ಮಾಲೀಕರು ಇಲ್ಲದ ಪಂಕ್ಚರನ್ನು ಹುಡುಕುತ್ತಾರೆ. ತಂತಿಬ್ರಷ್ಷಿನಿಂದ ಉಜ್ಜಿ, ತೆಳುವಾಗಿ ಬಣ್ಣ ಬಳಿದು ಒಣಗಿಸಿದರೆ ಆ ಕಾಟ ತಪ್ಪುತ್ತದೆ. ವಿಜಯವಾಡದಲ್ಲಿ 2024ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಹೊಳೆ ಉಕ್ಕಿ ಅಜಿತ್‌ಸಿಂಗ್ ನಗರದ ಕಡೆಯ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿದ್ದವು. ಹಾಗೆ ಮುಳುಗಿದ ಬೈಕುಗಳಲ್ಲಿ ಎಂಜಿನ್ ಸರಿಪಡಿಸಿದರೂ ಚಕ್ರದ ಬೇರಿಂಗಿನೊಳಗಿನ ಗ್ರೀಸು ತೊಳೆದುಹೋಗಿರುವುದುಂಟು. ಬೆರಳು ತೂರಿಸಿ ತಿರುಗಿಸಿದಾಗ ಮರಳಿನಂಥ ಕರಕರ ತಾಗಿದರೆ ಬೇರಿಂಗ್ ಬದಲಿಸಲು ಅದಕ್ಕಿಂತ ಒಳ್ಳೆಯ ಸಮಯ ಬೇರೆ ಇಲ್ಲ. ಸ್ಪೋಕ್ ಚಕ್ರವಾದರೆ ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಂತೆ ಸುತ್ತಿರುವ ರಬ್ಬರ್ ಪಟ್ಟಿಯನ್ನೂ ನೋಡಿಕೊಳ್ಳಬೇಕು.

ಹೊಸ ಟೈರಿನ ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗಿರಬೇಕು; ಬಣ್ಣದ ಚುಕ್ಕೆ ಇದ್ದರೆ ಅದು ಸಾಮಾನ್ಯವಾಗಿ ಟೈರಿನ ಹಗುರವಾದ ಬದಿಯಾದ್ದರಿಂದ ವಾಲ್ವಿನ ಬಳಿಗೆ ಬರಬೇಕು. ಹೊಸ ಟೈರಿಗೆ ಹಳೆಯ ಟ್ಯೂಬು ಹಾಕುವುದು ಸುಳ್ಳು ಉಳಿತಾಯ, ಏಕೆಂದರೆ ಬಳಸಿದ ಟ್ಯೂಬು ಹಿಗ್ಗಿರುತ್ತದೆ, ಒಳಗೆ ಮಡಿಚಿಕೊಂಡ ಕಡೆ ಉಜ್ಜಿ ತೂತಾಗುತ್ತದೆ. ಹೊಸ ಟ್ಯೂಬಿಗೆ ಟಾಲ್ಕಂ ಪೌಡರ್ ಸವರಿ, ಆಕಾರ ಬರುವಷ್ಟು ಮಾತ್ರ ಗಾಳಿ ಹಿಡಿಸಿ ಒಳಗಿಡಬೇಕು. ಬೀಡನ್ನು ವಾಲ್ವಿನ ಎದುರು ಬದಿಯಿಂದ ಕೂರಿಸುತ್ತ ಬಂದು ವಾಲ್ವಿನ ಬಳಿ ಮುಗಿಸಬೇಕು. ಕೊನೆಯ ಗೇಣು ಕೂರಿಸುವಾಗ ವಾಲ್ವನ್ನು ಒಳಕ್ಕೆ ತುಸು ತಳ್ಳಿಟ್ಟರೆ ಲಿವರಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಸೀಳುವುದಿಲ್ಲ. ಕಲಿಯುವವರ ಹೆಚ್ಚಿನ ಟ್ಯೂಬುಗಳು ಹಾಳಾಗುವುದು ಈ ಗೇಣಿನಲ್ಲೇ. ಗಾಳಿ ತುಂಬುವಾಗ ಟೈರಿನ ಮೇಲೆ ಅಚ್ಚಾದ ಗರಿಷ್ಠ ಒತ್ತಡವನ್ನು ದಾಟದೆ, ರಿಮ್ಮಿನ ಸುತ್ತ ಕಾಣುವ ತೆಳುಗೆರೆ ಎಲ್ಲ ಕಡೆಯೂ ಸಮದೂರದಲ್ಲಿದೆಯೇ ಎಂದು ನೋಡಬೇಕು. ಟ್ಯೂಬಿನ ಸುಕ್ಕು ಬಿಡಿಸಲು ಒಮ್ಮೆ ಪೂರ್ತಿ ಗಾಳಿ ಬಿಟ್ಟು ಮತ್ತೆ ತುಂಬಬೇಕು. ಚಕ್ರ ಜೋಡಿಸಿ, ಚೈನಿನ ಎರಡೂ ಬದಿಯ ಗುರುತುಗಳನ್ನು ಸಮವಾಗಿಸಿ, ಆಕ್ಸೆಲ್ ನಟ್ಟು ಬಿಗಿಗೊಳಿಸಿದ ಮೇಲೆ, ರಸ್ತೆಗಿಳಿಯುವ ಮುಂಚೆಯೇ ಬ್ರೇಕನ್ನು ಹಲವು ಸಲ ಒತ್ತಿ ಅದು ಬಿಗಿ ಹಿಡಿಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳದೆ ಹೊರಡುವಂತಿಲ್ಲ.

ಟೈರಿನ ಆಯುಸ್ಸು ಇನ್ನು ಮುಂದೆ ಗಾಳಿಯ ಕೈಯಲ್ಲಿರುತ್ತದೆ. ಒತ್ತಡ ಎಷ್ಟಿರಬೇಕೆಂಬುದು ಚೈನ್‌ಗಾರ್ಡಿನ ಚೀಟಿಯಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಒಬ್ಬರೇ ಇದ್ದಾಗ ಮತ್ತು ಹಿಂದೆ ಇನ್ನೊಬ್ಬರು ಕೂತಾಗ ಹಿಂದಿನ ಟೈರಿನ ಅಂಕಿ ಬೇರೆ. ಅಳೆಯುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ಮುಚ್ಚಿದ ಗಾಳಿ ಕಾದಂತೆ ಒತ್ತಡ ಏರುತ್ತದೆ, 10 ಡಿಗ್ರಿಗೆ ಸುಮಾರು ಒಂದೂವರೆ ಪಿಎಸ್‌ಐನಂತೆ. ಹೀಗಾಗಿ ಬೆಳಿಗ್ಗೆ 25 ಡಿಗ್ರಿಯಲ್ಲಿ 30 ತೋರಿಸಿದ ಟೈರು ಮಧ್ಯಾಹ್ನದ ಹೆದ್ದಾರಿಯಲ್ಲಿ 65 ಡಿಗ್ರಿಗೆ ಕಾದಾಗ 36 ತೋರಿಸುತ್ತದೆ. ಇದನ್ನು ಕಂಡು ವಿಜಯವಾಡದ ಸೆಖೆಗೆ ಹೆದರಿ ಗಾಳಿ ಬಿಡುವವರಿದ್ದಾರೆ, ಅದು ತಪ್ಪು. ತಯಾರಕರು ಈ ಏರಿಕೆಯನ್ನು ಎಣಿಸಿಯೇ ತಣ್ಣನೆಯ ಅಂಕಿಯನ್ನು ಕೊಟ್ಟಿರುತ್ತಾರೆ. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿಗೂ ಹೆಚ್ಚು ಮಡಚಿ, ಆ ಮಡಚುವಿಕೆಯಿಂದಲೇ ಇನ್ನಷ್ಟು ಕಾದು, ಅಂಚುಗಳಲ್ಲಿ ಬೇಗ ಸವೆಯುತ್ತದೆ. ಹಣ ಕೊಟ್ಟು ನೈಟ್ರೋಜನ್ ತುಂಬಿಸುವುದರಿಂದ ಬೈಕಿಗೆ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಸಾಮಾನ್ಯ ಗಾಳಿಯಲ್ಲೇ ಶೇ. 78 ಅದೇ ಇದೆ, ಪೆಟ್ರೋಲ್ ಬಂಕಿನಲ್ಲಿ ಗಾಳಿ ಉಚಿತ. ಹೊಸ ಟೈರಿನ ಮೈ ಮೊದಲಿಗೆ ನುಣುಪಾಗಿರುವುದರಿಂದ ಮೊದಲ ನೂರೈವತ್ತು ಕಿಲೋಮೀಟರು ಜೋರಾಗಿ ವಾಲಿಸದೆ, ಬ್ರೇಕು ಒಮ್ಮೆಗೇ ಒತ್ತದೆ ಓಡಿಸಿ, ಆಮೇಲೆ ಚೈನಿನ ಸಡಿಲವನ್ನೂ ಆಕ್ಸೆಲ್ ನಟ್ಟನ್ನೂ ಮತ್ತೊಮ್ಮೆ ನೋಡಬೇಕು.

ಹಳೆಯ ಟೈರನ್ನು ಮನೆಯ ಹಿತ್ತಿಲಲ್ಲೋ ತಾರಸಿಯಲ್ಲೋ ಉಳಿಸಿಕೊಳ್ಳುವುದು ಬೇಡ. ಮಳೆನೀರು ನಿಂತ ಟೈರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ, ಎರಡೂ ನಗರಗಳ ಮಳೆಗಾಲಕ್ಕೆ ಅದು ಹೊಸ ಸುದ್ದಿಯೇನಲ್ಲ. ಹೊಸದನ್ನು ಕೊಂಡ ಅಂಗಡಿಯಲ್ಲೇ ಹಳೆಯದನ್ನು ಬಿಟ್ಟು ಬಂದರೆ ಅದು ಗುಜರಿಯ ಮೂಲಕ ಮರುಬಳಕೆಗೆ ಸೇರುತ್ತದೆ. 2022ರಿಂದ ಹಾಳಾದ ಟೈರುಗಳ ಮರುಬಳಕೆಯ ಹೊಣೆಯನ್ನು ಕೇಂದ್ರದ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ಅಂಗಡಿಯವನು ಅದಕ್ಕೆ ಹತ್ತಿಪ್ಪತ್ತು ರೂಪಾಯಿ ಬಿಟ್ಟುಕೊಡುವ ಮನಸ್ಸು ಮಾಡಿದರೆ ಅದನ್ನು ಚೌಕಾಸಿಯ ಕೊನೆಯಲ್ಲಿ ಅಲ್ಲ, ಮೊದಲಲ್ಲೇ ಕೇಳಿಕೊಳ್ಳಬೇಕು.